ಅಚ್ಚರಿಯ ಜೊತೆಗೆ ಷರತ್ತನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪುಟದ ಮೂಲೆಯಲ್ಲಿ, ಬಣ್ಣದ ಚೌಕದೊಳಗೆ, ‘ನಿಮಗಿದು ಗೊತ್ತೇ?’ ಎಂಬ ಧಾಟಿಯಲ್ಲಿ ಬರುವ ಅಚ್ಚರಿಯ ಸಂಗತಿಗಳ ಬಗ್ಗೆ ಈ ಪತ್ರ. ಶಾಲಾ ರಸಪ್ರಶ್ನೆ ಸ್ಪರ್ಧೆಗಳಿಗೆ ಪ್ರಶ್ನೆ ಸಿದ್ಧಪಡಿಸುವ ನಮ್ಮ ಬಳಗಕ್ಕೆ ಈ ಚೌಕಗಳೇ ಕಚ್ಚಾ ಸಾಮಗ್ರಿ. ಹಾಗಾಗಿ ಓದಿ ಬಿಟ್ಟುಬಿಡುವ ಸೌಲಭ್ಯ ನಮಗಿಲ್ಲ. ಒಂದೊಂದನ್ನೂ ಬಿಚ್ಚಿ ನೋಡಲೇಬೇಕು.

ಇಂಥ ಸಂಗತಿ ಕಣ್ಣಿಗೆ ಬಿದ್ದಾಗ ಜನ ಎರಡರಲ್ಲಿ ಒಂದು ಮಾಡುತ್ತಾರೆ. ‘ಅಬ್ಬಾ, ಗೊತ್ತೇ ಇರಲಿಲ್ಲ’ ಎಂದು ಹತ್ತು ಜನಕ್ಕೆ ಮೊಬೈಲಿನಲ್ಲಿ ಕಳಿಸುತ್ತಾರೆ, ಇಲ್ಲವೇ ‘ಎಲ್ಲಾ ಬರೀ ಬೊಗಳೆ’ ಎಂದು ಪುಟ ಮಗುಚುತ್ತಾರೆ. ಎರಡಕ್ಕೂ ಹಿಡಿಯುವುದು ಅರ್ಧ ನಿಮಿಷ. ಆದರೆ ಈ ಸಂಗತಿಗಳಲ್ಲಿ ಶುದ್ಧ ಸುಳ್ಳು ಎನ್ನುವಂಥವು ಕಡಿಮೆಯೇ. ಹೆಚ್ಚಿನವು ಯಾವುದೋ ಒಂದು ಷರತ್ತಿಗೆ ಒಳಪಟ್ಟು ನಿಜ. ಬಾಯಿಂದ ಬಾಯಿಗೆ, ಪುಟದಿಂದ ಪುಟಕ್ಕೆ ದಾಟುವಾಗ ಮೊದಲು ಉದುರುವುದೇ ಆ ಷರತ್ತು. ಅದು ಉದುರಿದಷ್ಟೂ ವಾಕ್ಯ ಚಿಕ್ಕದಾಗುತ್ತದೆ, ಅಚ್ಚರಿ ದೊಡ್ಡದಾಗುತ್ತದೆ.

ಶುಕ್ರ ಗ್ರಹವನ್ನೇ ನೋಡಿ. ‘ಶುಕ್ರನಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ದೊಡ್ಡದು’ ಎಂಬುದು ಎಲ್ಲ ಸಂಗ್ರಹಗಳಲ್ಲೂ ಇದೆ. ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನ ಬೇಕು; ಸೂರ್ಯನ ಸುತ್ತ ಬರಲು ಸುಮಾರು 225 ದಿನ ಸಾಕು. ಇಷ್ಟು ಸರಿ. ಆದರೆ ‘ದಿನ’ ಎಂದಾಗ ಓದುಗನ ಮನಸ್ಸಿಗೆ ಬರುವುದು ಒಂದು ಸೂರ್ಯೋದಯದಿಂದ ಮತ್ತೊಂದು ಸೂರ್ಯೋದಯ. ಶುಕ್ರನಲ್ಲಿ ಅದಕ್ಕೆ ಹಿಡಿಯುವುದು ಸುಮಾರು 117 ದಿನ ಮಾತ್ರ, ಅಂದರೆ ಅಲ್ಲಿನ ವರ್ಷದ ಅರ್ಧಕ್ಕಿಂತ ತುಸು ಹೆಚ್ಚು. ಕಾರಣ ಶುಕ್ರ ತಿರುಗುವ ದಿಕ್ಕು ಉಳಿದ ಬಹುತೇಕ ಗ್ರಹಗಳಿಗೆ ವಿರುದ್ಧ. ತಿರುಗುವಿಕೆ ಒಂದು ಕಡೆಗೆ, ಪ್ರದಕ್ಷಿಣೆ ಇನ್ನೊಂದು ಕಡೆಗೆ ಇರುವುದರಿಂದ ಸೂರ್ಯ ಬೇಗ ಎದುರಾಗುತ್ತಾನೆ. ಲೆಕ್ಕ ಹಾಕುವುದೂ ಸುಲಭ: 243ರಲ್ಲಿ ಒಂದು ಭಾಗ (1/243), 225ರಲ್ಲಿ ಒಂದು ಭಾಗ (1/225), ಎರಡನ್ನೂ ಕೂಡಿಸಿ ತಲೆಕೆಳಗು ಮಾಡಿದರೆ 117 ಬರುತ್ತದೆ. ‘ನಕ್ಷತ್ರಗಳನ್ನು ಲೆಕ್ಕಕ್ಕೆ ಹಿಡಿದರೆ’ (ಅಂದರೆ ಸೂರ್ಯನ ಬದಲು ದೂರದ ನಕ್ಷತ್ರವೊಂದು ಮತ್ತೆ ಅದೇ ಜಾಗಕ್ಕೆ ಬರುವುದನ್ನು ಒಂದು ದಿನ ಎಂದು ಎಣಿಸಿದರೆ) ಎಂಬ ಒಂದೇ ಷರತ್ತು ಸೇರಿಸಿದ್ದರೆ ಮೂಲ ವಾಕ್ಯಕ್ಕೆ ಯಾವ ತಕರಾರೂ ಇರುತ್ತಿರಲಿಲ್ಲ. ನಮ್ಮ ಭೂಮಿಯೂ ನಕ್ಷತ್ರಗಳ ಲೆಕ್ಕದಲ್ಲಿ 23 ಗಂಟೆ 56 ನಿಮಿಷಕ್ಕೇ ಒಂದು ಸುತ್ತು ಮುಗಿಸುತ್ತದಲ್ಲ!

ಈಗ ನಮ್ಮೂರಿನ ಕಡೆಗೆ ಬರೋಣ. ಇಲ್ಲಿ ಕೆಲವರಿಗೆ ಬೇಸರವಾಗಬಹುದು.

‘ವಿಜಯಪುರದ ಗೋಲಗುಮ್ಮಟ ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ; ರೋಮ್‌ನ ಸೇಂಟ್ ಪೀಟರ್ಸ್ ಮಾತ್ರ ಇದಕ್ಕಿಂತ ದೊಡ್ಡದು’ ಎಂಬ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅಳತೆಪಟ್ಟಿ ಹಿಡಿದು ಕೂತರೆ ಇದು ನಿಲ್ಲುವುದಿಲ್ಲ. ಗೋಲಗುಮ್ಮಟಕ್ಕೆ ಹೇಳುವ 44 ಮೀಟರ್ ಹೊರಗಿನ ವ್ಯಾಸ. ಗೋಡೆಯ ದಪ್ಪ ಬುಡದಲ್ಲಿ ಸುಮಾರು 10 ಅಡಿ ಇದೆ. ಎರಡೂ ಬದಿ ಕಳೆದರೆ ಒಳವ್ಯಾಸ ಸುಮಾರು 38 ಮೀಟರ್. ಸೇಂಟ್ ಪೀಟರ್ಸ್‌ಗೆ ಹೇಳುವ ಸುಮಾರು 42 ಮೀಟರ್ ಒಳವ್ಯಾಸ. ಅಂದರೆ ನಮ್ಮದರ ಹೊರಗನ್ನು ಅವರದರ ಒಳಗಿನ ಜೊತೆ ಹೋಲಿಸುತ್ತಿದ್ದೇವೆ. ಹಾಗೆ ಹೋಲಿಸಿದರೆ ನಮ್ಮದೇ ಮೊದಲಾಗಬೇಕಿತ್ತು, ಎರಡನೆಯದು ಹೇಗಾಯಿತೋ ತಿಳಿಯದು! ಒಳಗಿಗೆ ಒಳಗನ್ನೇ ಹೋಲಿಸಿದರೆ ಅದೇ ರೋಮ್‌ನ ಪ್ಯಾಂಥಿಯಾನ್ 43.3 ಮೀಟರ್, ಫ್ಲಾರೆನ್ಸ್‌ನ ಕೆಥೀಡ್ರಲ್ ಸುಮಾರು 45 ಮೀಟರ್ ಇವೆ. ಇನ್ನು ಉಕ್ಕು, ಕಾಂಕ್ರೀಟಿನಲ್ಲಿ ಕಟ್ಟಿದ ಇಂದಿನ ಕ್ರೀಡಾಂಗಣಗಳ ಮಾತು ಬೇರೆಯೇ.

ಹಾಗಾದರೆ ಗೋಲಗುಮ್ಮಟದ ಹೆಗ್ಗಳಿಕೆ ಏನು? ಅದು ಗುಮ್ಮಟದ ವ್ಯಾಸದಲ್ಲಿಲ್ಲ, ಅದರಡಿಯ ನೆಲದಲ್ಲಿದೆ. ಒಳಗಿನ ಹಾಲ್ ಸುಮಾರು 135 ಅಡಿ ಉದ್ದ, ಅಷ್ಟೇ ಅಗಲ. 18,000 ಚದರ ಅಡಿ ಮೀರಿದ ನೆಲ, ನಡುವೆ ಒಂದೇ ಒಂದು ಕಂಬವಿಲ್ಲ. ಪ್ಯಾಂಥಿಯಾನ್‌ನ ದುಂಡು ನೆಲ 16,000 ಚದರ ಅಡಿಯ ಆಸುಪಾಸು. 19ನೇ ಶತಮಾನದಲ್ಲಿ ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಗಮನ ಸೆಳೆದದ್ದು ಈ ಹೋಲಿಕೆಯ ಕಡೆಗೇ. ಚಿಕ್ಕ ಗುಮ್ಮಟ ದೊಡ್ಡ ನೆಲವನ್ನು ಮುಚ್ಚಿದ್ದು ಹೇಗೆ ಎಂಬಲ್ಲಿ ನಿಜವಾದ ಸ್ವಾರಸ್ಯ ಇದೆ. ನೆಲದಿಂದ ಸುಮಾರು 57 ಅಡಿ ಎತ್ತರದಲ್ಲಿ ಚೌಕದ ಹಾಲ್ ಒಳಗೆ ಬಾಗತೊಡಗುತ್ತದೆ. ಒಂದನ್ನೊಂದು ಹಾದು ಹೋಗುವ ಕಮಾನುಗಳು ಚೌಕವನ್ನು ಎಂಟು ಮೂಲೆಯಾಗಿಸಿ, ಆಮೇಲೆ 97 ಅಡಿ ವ್ಯಾಸದ ದುಂಡು ಬಾಯಿಯಾಗಿಸುತ್ತವೆ. ಗುಮ್ಮಟವನ್ನು ಆ ಬಾಯಿಯ ಅಂಚಿನ ಮೇಲೆ ಕೂರಿಸಿಲ್ಲ. ಹಿಂದಕ್ಕೆ ಸರಿಸಿ, 124 ಅಡಿ ವ್ಯಾಸದಲ್ಲಿ ಎಬ್ಬಿಸಿದ್ದಾರೆ. ನಡುವೆ ಉಳಿದ 12 ಅಡಿಗೂ ಮಿಕ್ಕಿದ ಅಗಲದ ಜಾಗವೇ ಪಿಸುಗುಟ್ಟುವ ಗ್ಯಾಲರಿ. ಒಳಕ್ಕೆ ಚಾಚಿಕೊಂಡ ಈ ಕಲ್ಲುಗಾರೆಯ ಭಾರವೇ ಗುಮ್ಮಟ ಹೊರಕ್ಕೆ ತಳ್ಳುವ ಬಲವನ್ನು ಹಿಡಿದು ನಿಲ್ಲಿಸುತ್ತದೆ. ಪ್ರವಾಸಿಗರು ನಿಂತು ಚಪ್ಪಾಳೆ ತಟ್ಟುವ ಜಾಗವೇ ಕಟ್ಟಡವನ್ನು ಹಿಡಿದಿಟ್ಟಿರುವ ಜಾಗ! ‘ಎರಡನೆಯ ದೊಡ್ಡದು’ ಎಂಬ ಎರಡು ಪದ ಇದೆಲ್ಲವನ್ನೂ ನುಂಗಿಹಾಕಿದೆ.

ಇಲ್ಲಿ ಪ್ರತಿಧ್ವನಿ ಎಷ್ಟು ಸಲ ಕೇಳುತ್ತದೆ ಎಂಬ ಲೆಕ್ಕವೂ ಅಷ್ಟೇ. ಏಳು ಎನ್ನುವವರಿದ್ದಾರೆ, ಹತ್ತು, ಹನ್ನೊಂದು ಎನ್ನುವವರೂ ಇದ್ದಾರೆ. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತ ಮೇಲೆ ಎಣಿಸಲು ಹೋದರೆ ಒಂದೂ ಬಿಡಿಯಾಗಿ ಸಿಗದು. ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ, ಗ್ಯಾಲರಿಯಲ್ಲಿ ಒಮ್ಮೆ ಮಾತ್ರ ಚಪ್ಪಾಳೆ ತಟ್ಟಿ, ಫೋನಿನಲ್ಲಿ ಧ್ವನಿಮುದ್ರಿಸಿ ಆಮೇಲೆ ಎಣಿಸುವುದು ಸರಿಯಾದ ದಾರಿ. ಎಷ್ಟು ಕೇಳುತ್ತದೆ ಎಂಬುದು ಕೊನೆಯ ಕ್ಷೀಣ ಸದ್ದು ಆ ಹೊತ್ತಿನ ಗದ್ದಲಕ್ಕಿಂತ ಮೇಲಿದೆಯೇ ಕೆಳಗಿದೆಯೇ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಒಂದು ಖಚಿತ ಸಂಖ್ಯೆ ಮುದ್ರಿಸುವುದೇ ತಪ್ಪು.

‘ಮೊದಲು’ ಎಂಬ ಪದ ಬಂದಲ್ಲೆಲ್ಲ ಇನ್ನೂ ಎಚ್ಚರ ಬೇಕು. ‘ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ’, ‘ವಿದ್ಯುತ್ ಬೀದಿದೀಪ ಕಂಡ ಏಷ್ಯಾದ ಮೊದಲ ನಗರ ಬೆಂಗಳೂರು’. ಎರಡನ್ನೂ ನಾವು ಪ್ರಶ್ನೆಪಟ್ಟಿಯಿಂದ ತೆಗೆದಿದ್ದೇವೆ. ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು 1902ರಲ್ಲಿ. ಅದಕ್ಕೂ ಮೊದಲು 1897ರಲ್ಲಿ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ, 1891ರಲ್ಲಿ ಜಪಾನಿನ ಕ್ಯೋಟೋದ ಕೆಅಗೆಯಲ್ಲಿ ಜಲವಿದ್ಯುತ್ ಕೇಂದ್ರಗಳು ಶುರುವಾಗಿದ್ದವು. ಬೆಂಗಳೂರಿನ ಬೀದಿದೀಪ 1905ರ ಆಗಸ್ಟ್‌ನದು; ಶಾಂಘೈಯಲ್ಲಿ ವಿದ್ಯುತ್ ಆರ್ಕ್ ದೀಪಗಳು 1882ರಲ್ಲೇ ಬೆಳಗಿದ್ದವು. ಇಲ್ಲೂ ಉದುರಿದ್ದು ಷರತ್ತೇ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ತಂತಿಯ ಉದ್ದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಪ್ರಸರಣ ಮಾರ್ಗಗಳಲ್ಲಿ ಒಂದು. ಡಾರ್ಜಿಲಿಂಗ್‌ನದು ಊರಿಗೆ ದೀಪ ಹಚ್ಚುವ 130 ಕಿಲೋವ್ಯಾಟ್‌ನ ಪುಟ್ಟ ಘಟಕ. ನಮ್ಮದು ದೂರದ ಗಣಿಯ ಯಂತ್ರಗಳನ್ನು ತಿರುಗಿಸಲೆಂದೇ ಕಟ್ಟಿದ್ದು. ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು, ತಾವು ಹಟ ಹಿಡಿದು ಶುರುಮಾಡಿಸಿದ ಈ ಕೆಲಸ ಪೂರ್ತಿಯಾದದ್ದನ್ನು ನೋಡಲಿಲ್ಲ. ದೂರ, ಹೊರೆ, ಕಾಲ ಮೂರನ್ನೂ ಸೇರಿಸಿ ಹೇಳಿದರೆ ಇದೇ ದೊಡ್ಡ ಸುದ್ದಿ. ‘ಏಷ್ಯಾದ ಮೊದಲ’ ಎಂದರೆ ಡಾರ್ಜಿಲಿಂಗ್‌ನ ಹುಡುಗನೊಬ್ಬ ಕೈ ಎತ್ತಿದ ಕೂಡಲೇ ನಮ್ಮ ಮಕ್ಕಳು ತಲೆ ತಗ್ಗಿಸಬೇಕಾಗುತ್ತದೆ.

ಅಡುಗೆಮನೆಯ ಸಂಗತಿಗಳಿಗೆ ಬಂದರೆ ಪಟ್ಟಿಯ ತುದಿಯಲ್ಲಿರುವುದು ‘ಜೇನುತುಪ್ಪ ಎಂದೂ ಕೆಡುವುದಿಲ್ಲ’. ಇದನ್ನು ನಂಬಿ ಬಾಟಲಿ ಹಾಳು ಮಾಡಿಕೊಳ್ಳುವವರು ಬಹಳ ಮಂದಿ ಇರುವುದರಿಂದ ತುಸು ವಿವರವಾಗಿ ಹೇಳಬೇಕು. ಜೇನು ಕೆಡದಿರಲು ಮುಖ್ಯ ಕಾರಣ ಅದರಲ್ಲಿ ನೀರು ಕಡಿಮೆ ಇರುವುದು. ಸೂಕ್ಷ್ಮಜೀವಿ ಬಿದ್ದರೆ ಸಕ್ಕರೆಯೇ ಅದರೊಳಗಿನ ನೀರನ್ನು ಹೀರಿಬಿಡುತ್ತದೆ. ಜೊತೆಗೆ ಜೇನು ಹುಳಿ ಗುಣದ್ದು. ಹುಳುಗಳು ಸೇರಿಸುವ ಒಂದು ಕಿಣ್ವ ಅದರಲ್ಲಿ ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡನ್ನೂ ಉಂಟುಮಾಡುತ್ತದೆ. ಆದರೆ ಈ ರಕ್ಷಣೆ ಉಳಿಯುವುದು ತೇವಾಂಶ ಮಿತಿಯಲ್ಲಿದ್ದರೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಅದು ಶೇ 20ನ್ನು ಮೀರಬಾರದು. ಮೀರಿತೋ, ಸಕ್ಕರೆ ಸಹಿಸಬಲ್ಲ ಯೀಸ್ಟ್‌ಗಳು ಎಚ್ಚೆತ್ತು ಹುದುಗಿಸಲು ತೊಡಗುತ್ತವೆ.

ಮಲೆನಾಡು, ಕೊಡಗು, ಕರಾವಳಿಯ ತುಡುವೆ ಜಾತಿಯ ಹುಳುಗಳ ಜೇನಿನಲ್ಲಿ ತೇವಾಂಶ ಈ ಗಡಿಯ ಆಚೀಚೆಗೇ ಇರುತ್ತದೆ. ಎರಿಯ ಕಣ್ಣುಗಳಿಗೆ ಹುಳುಗಳು ಮೇಣದ ಮುಚ್ಚಳ ಹಾಕುವ ಮೊದಲೇ ತೆಗೆದ ಜೇನಿನಲ್ಲಂತೂ ಇನ್ನೂ ಹೆಚ್ಚು. ಅಂಥದ್ದನ್ನು ಜೂನ್ ತಿಂಗಳ ಹಸಿ ಗಾಳಿಗೆ ಸಡಿಲ ಮುಚ್ಚಳದಲ್ಲಿಟ್ಟರೆ ಜೇನು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೇಲೆ ತೆಳು ನೊರೆ, ಮುಚ್ಚಳ ತೆರೆದಾಗ ‘ಟುಸ್’ ಎಂಬ ಸದ್ದು, ಮೂಗಿಗೆ ಹುಳಿ ಹೆಂಡದಂಥ ವಾಸನೆ: ಈ ಮೂರೂ ಇದ್ದರೆ ಹುದುಗು ಹಿಡಿದಿದೆ ಎಂದೇ ಅರ್ಥ. ಒದ್ದೆ ಚಮಚ ಅದ್ದುವುದು ಇದಕ್ಕೆ ನೇರ ಆಹ್ವಾನ. ಹರಳುಗಟ್ಟುವುದು ಮಾತ್ರ ಕೆಟ್ಟದ್ದರ ಗುರುತಲ್ಲ, ಅದು ಗ್ಲೂಕೋಸ್ ಗಟ್ಟಿಯಾಗಿ ಕೂತದ್ದು. ಆದರೆ ಹರಳು ತಳದಲ್ಲಿ ಕೂತಾಗ ಮೇಲೆ ಉಳಿದ ದ್ರವದಲ್ಲಿ ನೀರಿನ ಪಾಲು ಏರುವುದರಿಂದ ಹುದುಗು ಹಿಡಿಯುವ ಅಪಾಯ ಹೆಚ್ಚು. ಬಾಟಲಿಯನ್ನು 40ರಿಂದ 45 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿ ಕರಗಿಸಬೇಕು. ಒಲೆಯ ಮೇಲೆ ನೇರವಾಗಿ ಇಟ್ಟರೆ ಮೇಲೆ ಹೇಳಿದ ಕಿಣ್ವ ಸಾಯುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಜನಪ್ರಿಯ ಸಂಗತಿ ‘ಅಪ್ಪಟ ಜೇನು ನೀರಿನಲ್ಲಿ ಕರಗದೆ ತಳಕ್ಕಿಳಿಯುತ್ತದೆ’ ಎಂಬುದು. ಗಟ್ಟಿ ಸಕ್ಕರೆ ಪಾಕವೂ ಹಾಗೇ ಇಳಿಯುತ್ತದೆ. ಬತ್ತಿಗೆ ಹಚ್ಚಿ ಉರಿಸುವುದು, ಉಗುರಿನ ಮೇಲೆ ಹನಿ ನಿಲ್ಲಿಸುವುದು, ಕಾಗದದ ಮೇಲೆ ಹನಿಸುವುದು ಇವೆಲ್ಲ ಅಳೆಯುವುದು ದಪ್ಪವನ್ನೋ ತೇವವನ್ನೋ ಮಾತ್ರ. ಒಳ್ಳೆಯ ತುಡುವೆ ಜೇನು ಈ ಪರೀಕ್ಷೆಗಳಲ್ಲಿ ಸೋತು, ಕಲಬೆರಕೆಯ ಗಟ್ಟಿ ಪಾಕ ಗೆಲ್ಲುವುದು ಸಹಜ. ಪಾಕ ಬೆರೆಸಿದ್ದನ್ನು ಪತ್ತೆ ಮಾಡಲು ಪ್ರಯೋಗಾಲಯವೇ ಬೇಕು. ‘ಎಂದೂ ಕೆಡುವುದಿಲ್ಲ’ ಎಂಬ ಚೌಕದ ಕೆಳಗೆ ಮುದ್ರಿಸಲೇಬೇಕಾದ ಒಂದು ಸಾಲೂ ಇದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಬಾಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಸಾಯದೆ ಉಳಿದಿರಬಹುದು.

‘ಬಿಸಿನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ’ ಎಂಬುದಕ್ಕೆ ಟಾಂಜಾನಿಯಾದ ಎರಾಸ್ಟೋ ಎಂಪೆಂಬಾ ಹೆಸರಿದೆ. 1963ರಲ್ಲಿ ಶಾಲಾ ಹುಡುಗನಾಗಿದ್ದಾಗ ಐಸ್‌ಕ್ರೀಂ ಮಾಡುತ್ತ ಗಮನಿಸಿದ್ದನ್ನು ಆತ 1969ರಲ್ಲಿ ಭೌತವಿಜ್ಞಾನಿ ಡೆನಿಸ್ ಆಸ್ಬೋರ್ನ್ ಜೊತೆ ಪ್ರಕಟಿಸಿದ. 2016ರಲ್ಲಿ ಬರಿಜ್ ಮತ್ತು ಲಿಂಡನ್ ಎಂಬ ಸಂಶೋಧಕರು ಎಚ್ಚರದಿಂದ ಅಳೆದಾಗ ಈ ಪರಿಣಾಮ ಸಿಗಲಿಲ್ಲ. ಲೆಕ್ಕ ಹೀಗಿದೆ: 100 ಗ್ರಾಂ ನೀರನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು 3000 ಕ್ಯಾಲೊರಿ ಶಾಖ ತೆಗೆಯಬೇಕು, ಐಸ್ ಮಾಡಲು ಇನ್ನೂ 8000. 80 ಡಿಗ್ರಿಯಿಂದ ಶುರು ಮಾಡಿದರೆ ಒಟ್ಟು 11,000ದ ಬದಲು 16,000. (ಬಿಸ್ಕತ್ತಿನ ಪೊಟ್ಟಣದ ಮೇಲಿನ ಕ್ಯಾಲೊರಿ ಇದರ 1000 ಪಟ್ಟು, ಗಾಬರಿ ಬೇಡ.) ಈ ಹೆಚ್ಚುವರಿ 5000 ಎಲ್ಲಿಗೆ ಹೋಯಿತು ಎಂದು ಹೇಳಲಾಗದಿದ್ದರೆ ಪರೀಕ್ಷೆಯಲ್ಲೇ ಏನೋ ಎಡವಟ್ಟಾಗಿದೆ.

ಎಡವಟ್ಟುಗಳು ಯಾವುವು ಎಂಬುದು ಗೊತ್ತಿರುವ ಸಂಗತಿಯೇ. ಬಿಸಿ ಲೋಟದ ತಳ ಫ್ರೀಜರಿನ ಮಂಜನ್ನು ಕರಗಿಸಿ ತಣ್ಣನೆಯ ತಗಡಿಗೆ ಅಂಟಿಕೊಳ್ಳುತ್ತದೆ, ಶಾಖ ಬೇಗ ಹರಿಯುತ್ತದೆ. ತಣ್ಣೀರಿನ ಲೋಟ ಮಂಜಿನ ಮೇಲೆ ಬೆಚ್ಚಗೆ ಕೂತಿರುತ್ತದೆ. ಬಿಸಿನೀರಿನ ಒಂದಷ್ಟು ಪಾಲು ಆವಿಯಾಗಿ ಹೋಗುವುದರಿಂದ ಹೆಪ್ಪುಗಟ್ಟಬೇಕಾದ ನೀರೇ ಕಡಿಮೆಯಾಗುತ್ತದೆ. ಇನ್ನೊಂದು ತಂಟೆ ಎಂದರೆ, ಶುದ್ಧ ನೀರು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದರೂ ಒಮ್ಮೊಮ್ಮೆ ಗಟ್ಟಿಯಾಗದೆ ನಿಂತಿರುತ್ತದೆ. ಯಾವ ಲೋಟ ಮೊದಲು ಹೆಪ್ಪುಗಟ್ಟುತ್ತದೆ ಎಂಬುದು ಅದೃಷ್ಟ. ಮನೆಯಲ್ಲಿ ನೋಡಬೇಕೆನ್ನುವವರು ಒಂದೇ ಅಳತೆಯ ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಲಿ. ಗಾಜು ಬೇಡ, ಸೀಳುತ್ತದೆ. ಎರಡಕ್ಕೂ ಒಮ್ಮೆ ಕುದಿಸಿದ ನೀರನ್ನೇ ತಲಾ 100 ಗ್ರಾಂ ತೂಗಿ ಹಾಕಿ, ಒಂದನ್ನು ಕೋಣೆಯ ಬಿಸಿಗೆ ಆರಲು ಬಿಡಬೇಕು. ಎರಡರ ಕೆಳಗೂ ಥರ್ಮಕೋಲ್ ತುಂಡು, ಮೇಲೆ ತಟ್ಟೆ, ಫ್ರೀಜರಿನ ಗೋಡೆಯಿಂದ ಸಮದೂರ. ‘ಹೆಪ್ಪುಗಟ್ಟಿತು’ ಎಂದರೆ ಮೊದಲ ಪೊರೆಯೋ, ಪೂರ್ತಿ ಗಟ್ಟಿಯೋ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಕನಿಷ್ಠ ಐದು ಸಲ ಜಾಗ ಅದಲುಬದಲು ಮಾಡಿ ನೋಡಬೇಕು. ಒಂದೇ ಸಲ ನೋಡಿ ತೀರ್ಪು ಕೊಟ್ಟರೆ ಅದು ಮತ್ತೊಂದು ಚೌಕದ ಸಂಗತಿ ಅಷ್ಟೆ.

ಬಚ್ಚಲಿನ ನೀರು ಸುಳಿ ತಿರುಗುವ ದಿಕ್ಕಿನ ಬಗ್ಗೆ ಬೇಗ ಮುಗಿಸುತ್ತೇವೆ. ಉತ್ತರಾರ್ಧಗೋಳದಲ್ಲಿ ಎಡಸುತ್ತು ಎಂಬುದನ್ನು 1962ರಲ್ಲಿ ಅಮೆರಿಕದ ಆಶರ್ ಶಪೀರೋ ತೋರಿಸಿದ್ದು ನಿಜ. ಆದರೆ ಆತ ಪ್ರಯೋಗಕ್ಕೆ ಬಳಸಿದ ತೊಟ್ಟಿ 6 ಅಡಿ ಅಗಲದ್ದು, ನಡುವೆ ಅರ್ಧ ಇಂಚಿಗಿಂತ ಚಿಕ್ಕ ತೂತು, ನೀರು 24 ಗಂಟೆ ಅಲುಗಾಡದೆ ನಿಂತದ್ದು. ಅದೂ 42 ಡಿಗ್ರಿ ಅಕ್ಷಾಂಶದಲ್ಲಿ. 13 ಡಿಗ್ರಿಯ ಬೆಂಗಳೂರಿನಲ್ಲಿ ಭೂಭ್ರಮಣೆಯ ಈ ಪರಿಣಾಮ ಅಲ್ಲಿನ ಮೂರನೇ ಒಂದು ಭಾಗ. ನಿಮ್ಮ ಮನೆಯ ಸಿಂಕಿನಲ್ಲಿ ಸುಳಿಯ ದಿಕ್ಕು ನಿರ್ಧರಿಸುವುದು ನಲ್ಲಿ ಯಾವ ಕಡೆಯಿಂದ ಸುರಿಯಿತು ಎಂಬುದು.

ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂಬುದನ್ನು ಅಲ್ಲಗಳೆಯಲು ಗಗನಯಾತ್ರಿಗಳ ಸಾಕ್ಷ್ಯವೇ ಬೇಕಿಲ್ಲ, ಕಾಗದ ಸಾಕು. (2003ರಲ್ಲಿ ಕಕ್ಷೆಗೆ ಹೋಗಿಬಂದ ಚೀನಾದವನೇ ಆದ ಯಾಂಗ್ ಲಿವೇ ತನಗೆ ಕಾಣಲಿಲ್ಲ ಎಂದದ್ದೂ ಇದೆ.) ಬಿಳಿ ಹಾಳೆಯ ಮೇಲೆ 3 ಮಿಲಿಮೀಟರ್ ಅಂತರದಲ್ಲಿ ಎರಡು ಕಪ್ಪು ಗೆರೆ ಎಳೆದು ಗೋಡೆಗೆ ಅಂಟಿಸಿ, 10 ಮೀಟರ್ ದೂರ ನಿಲ್ಲಿ. ಒಳ್ಳೆಯ ಕಣ್ಣಿಗೆ ಅವು ಎರಡೆಂದು ತಿಳಿಯುವ ಗಡಿ ಸುಮಾರು ಅದೇ. ಅದೇ ಅನುಪಾತದಲ್ಲಿ 400 ಕಿಲೋಮೀಟರ್ ಎತ್ತರದ ಅಂತರಿಕ್ಷ ನಿಲ್ದಾಣದಿಂದ 120 ಮೀಟರ್, 3.84 ಲಕ್ಷ ಕಿಲೋಮೀಟರ್ ದೂರದ ಚಂದ್ರನಿಂದ 110 ಕಿಲೋಮೀಟರ್‌ಗೂ ಮಿಕ್ಕಿದ ಅಂತರ ಬೇಕು. ಗೋಡೆಯ ಅಗಲ 10 ಮೀಟರಿನ ಒಳಗೆ. ಉದ್ದ ಸಾವಿರಾರು ಕಿಲೋಮೀಟರ್ ಇದೆಯಲ್ಲ ಎಂದು ವಾದಿಸುವವರಿಗೆ ಒಂದು ಅಂಶ ಬಿಟ್ಟುಕೊಡಬೇಕು. ಆಕಾಶದ ಎದುರು ತೆಳುವಾದ ವಿದ್ಯುತ್ ತಂತಿ ಕಾಣುವಂತೆ, ಉದ್ದನೆಯ ಗೆರೆ ಈ ಗಡಿಗಿಂತ ಸಣ್ಣದಾದರೂ ಕಣ್ಣಿಗೆ ಬೀಳುತ್ತದೆ. ಆದರೆ ಅದಕ್ಕೆ ಬಣ್ಣದ ವ್ಯತ್ಯಾಸ ಬೇಕು. ಮಹಾಗೋಡೆ ಸುತ್ತಲಿನ ಕಲ್ಲುಮಣ್ಣಿನದೇ ಬಣ್ಣದ್ದು.

ಮತದಾನದ ಶಾಯಿಯ ವಿಷಯದಲ್ಲಿ ಕರ್ನಾಟಕದ ಹೆಮ್ಮೆ ಗಟ್ಟಿಯಾದದ್ದು. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ಅಲ್ಲಿಂದಲೇ ಶಾಯಿ ಹೋಗುತ್ತಿದೆ. ಆದರೆ ‘ಏನೇ ಮಾಡಿದರೂ ಹೋಗದು’ ಎಂಬ ಬಾಲಕ್ಕೆ ಷರತ್ತುಗಳಿವೆ. ಇದರ ಜೀವ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕು ತಾಗಿದ ಮೇಲಷ್ಟೇ ಅದು ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಬೆರಳಿಗೆ ಎಣ್ಣೆ ಸವರಿದ್ದರೆ ಹಿಡಿಯದು. ಅದಕ್ಕೇ ಮತಗಟ್ಟೆ ಸಿಬ್ಬಂದಿ ಬೆರಳು ನೋಡಿ, ಜಿಡ್ಡಿದ್ದರೆ ಒರೆಸಿ ಹಚ್ಚಬೇಕು, ಒಣಗಲು ಬಿಡಬೇಕು. ಚರ್ಮದ ಮೇಲಿನದು ಪದರ ಉದುರಿದಂತೆ ಕೆಲವೇ ದಿನಗಳಲ್ಲಿ ಮಾಸುತ್ತದೆ. ಉಗುರಿನದ್ದು ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ, ತಿಂಗಳಿಗೆ ಸುಮಾರು 3 ಮಿಲಿಮೀಟರ್. ಗೆರೆಯನ್ನು ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಎಳೆಯುವುದರ ಹಿಂದೆ ಈ ಲೆಕ್ಕ ಇದೆ.

ಷರತ್ತೇ ಬೇಡದ ಅಚ್ಚರಿಗಳೂ ಉಂಟು. ಅಷ್ಟಪಾದಿಗೆ (ಆಕ್ಟೋಪಸ್) ಮೂರು ಹೃದಯ, ನೀಲಿ ರಕ್ತ: ನಿಜ, ಕಾರಣ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ. ಕ್ಲಿಯೋಪಾತ್ರ ಬದುಕಿದ ಕಾಲ ಗಿಜಾದ ಮಹಾ ಪಿರಮಿಡ್‌ಗಿಂತ ಚಂದ್ರನ ಮೇಲೆ ಮನುಷ್ಯ ಇಳಿದ ದಿನಕ್ಕೇ ಹತ್ತಿರ: ಇದೂ ನಿಜ. ಒಂದು ಕಡೆ ಸುಮಾರು 2500 ವರ್ಷ, ಇನ್ನೊಂದು ಕಡೆ ಸುಮಾರು 2000. ಈ ಸಂಗತಿ ನಮಗೆ ಇಷ್ಟವಾಗಲು ಕಾರಣ, ಪಿರಮಿಡ್ ಕಟ್ಟಿದ ಕಾಲದ ಅಂದಾಜು 100 ವರ್ಷ ಹಿಂದೆಮುಂದೆ ಆದರೂ ಅದು ಬೀಳುವುದಿಲ್ಲ. ಅದೇ ಒರೆಗೆ ಹಚ್ಚಿ ಕನ್ನಡದ್ದೊಂದನ್ನು ಹೀಗೆ ಮಾಡಬಹುದು. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು, ವಿಜಯನಗರದ ಸ್ಥಾಪನೆ 1336ರಲ್ಲಿ. ನಡುವೆ 880 ವರ್ಷಕ್ಕೂ ಹೆಚ್ಚು. ವಿಜಯನಗರದಿಂದ ನಮ್ಮವರೆಗೆ ಸುಮಾರು 690. ಹರಿಹರ–ಬುಕ್ಕರಿಗೆ ಹಲ್ಮಿಡಿಗಿಂತ ನಾವೇ ಹತ್ತಿರ! ಹಲ್ಮಿಡಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಶಾಸನದಲ್ಲಿ ತೇದಿಯಿಲ್ಲ. ಇನ್ನೊಂದು 100 ವರ್ಷ ಈಚೆಗೆ ತಂದರೂ ಮಾತು ಉಳಿಯುತ್ತದೆ.

ಯುನೆಸ್ಕೋ, ನಾಸಾ ಹೆಸರು ಹೊತ್ತು ಬರುವುವು ಬೇರೆ ಜಾತಿ. ಅವಕ್ಕೆ ಷರತ್ತು ಹುಡುಕುವ ಶ್ರಮವೂ ದಂಡ. ‘ಜನಗಣಮನ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಯುನೆಸ್ಕೋ ಘೋಷಿಸಿದೆ’ ಎಂಬುದನ್ನು ಆ ಸಂಸ್ಥೆ 2008ರಲ್ಲೇ ಅಲ್ಲಗಳೆದಿದೆ. ಆದರೂ ಪ್ರತಿ ಆಗಸ್ಟ್‌ನಲ್ಲಿ ಮತ್ತೆ ಹುಟ್ಟಿಬರುತ್ತದೆ.

ನಮ್ಮ ಕೋರಿಕೆ ಇಷ್ಟು. ‘ದೊಡ್ಡದು’ ಎಂದಾಗ ಯಾವ ಅಳತೆ, ಒಳಗಿನದೋ ಹೊರಗಿನದೋ ಎಂಬುದು ಅದೇ ಸಾಲಿನಲ್ಲಿ ಬರಲಿ. ‘ಮೊದಲು’ ಎಂದಾಗ ಇಸವಿ ಇರಲಿ. ಇಸವಿ ಕಂಡ ಕೂಡಲೇ ಓದುಗ ತಾನೇ ಹೋಲಿಸಿ ನೋಡುತ್ತಾನೆ. ‘ಎಂದೂ’, ‘ಎಲ್ಲಾ’, ‘ಏನೇ ಮಾಡಿದರೂ’ ಎಂಬ ಪದಗಳನ್ನು ಉಪಸಂಪಾದಕರು ಕಂಡಲ್ಲಿ ಕೆಂಪು ಗೆರೆ ಎಳೆದು ‘ಯಾವಾಗ ಹಾಗಾಗುವುದಿಲ್ಲ?’ ಎಂದು ಕೇಳಲಿ. ಜಾಗ ಸಾಲದು ಎಂಬ ನೆಪ ನಡೆಯದು. ‘ಬಿಗಿಯಾಗಿ ಮುಚ್ಚಿಟ್ಟರೆ’, ‘ನಕ್ಷತ್ರದ ಲೆಕ್ಕದಲ್ಲಿ’, ‘ಕಂಬವಿಲ್ಲದ ನೆಲದ ವಿಸ್ತೀರ್ಣದಲ್ಲಿ’ ಎಲ್ಲವೂ ಎರಡು ಮೂರು ಪದ. ತಪ್ಪಾದಾಗ ತಿದ್ದುಪಡಿಯೂ ಅದೇ ಬಣ್ಣದ ಚೌಕದಲ್ಲಿ, ಅದೇ ವಾರದ ದಿನದಂದು ಬರಲಿ. ಒಳಪುಟದ ಟೆಂಡರ್ ಜಾಹೀರಾತಿನ ಕೆಳಗೆ ಹಾಕಿದ ತಿದ್ದುಪಡಿಯನ್ನು ಚೌಕ ಕತ್ತರಿಸಿಟ್ಟುಕೊಂಡ ಮಗು ನೋಡುವುದಿಲ್ಲ.

ಮಕ್ಕಳ ಪುಟಕ್ಕೆ ಹೊಸ ಸರಕು ಬೇಕಿದ್ದರೆ ಹಲಸಿದೆ. ಒಂದು ಹಲಸಿನ ಹಣ್ಣು ಎನ್ನುವುದು ನೂರಾರು ಹೂಗಳು ಒಟ್ಟಾಗಿ ಬೆಳೆದ ಗೊಂಚಲು. ಇದನ್ನು ಅಡುಗೆಮನೆಯಲ್ಲೇ ಬಿಡಿಸಿ ತೋರಿಸಬಹುದು. ಸಿಪ್ಪೆಯ ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಕಾಯಿ ಕಟ್ಟಿದ ಹೂ ತೊಳೆಯಾಗಿ ಬೀಜ ಹಿಡಿದಿರುತ್ತದೆ. ಕಟ್ಟದೇ ಹೋದದ್ದು ತೊಳೆಗಳ ನಡುವಿನ ಚಪ್ಪಟೆ ನಾರಾಗಿ ಉಳಿಯುತ್ತದೆ. ನಡುವಿನ ಗೂಂಜು ಹೂಗಳೆಲ್ಲ ಅಂಟಿಕೊಂಡಿದ್ದ ಕಾಂಡ. ಅಂಗೈಯಗಲದ ಸಿಪ್ಪೆಯ ತುಂಡಿನಲ್ಲಿ ಮುಳ್ಳುಗಳನ್ನು ಎಣಿಸಿ, ಅದೇ ತುಂಡಿಗೆ ಅಂಟಿದ ತೊಳೆಗಳನ್ನು ಎಣಿಸಿದರೆ ಎಷ್ಟು ಹೂಗಳಿಗೆ ಪರಾಗ ತಲುಪಿತ್ತು ಎಂಬ ಅಂದಾಜು ಸಿಗುತ್ತದೆ. ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಳ್ಳಲು ಹೇಳಿ, ಮೇಣ ಸುಲಭಕ್ಕೆ ಬಿಡುವುದಿಲ್ಲ.

ಇಂತಿ,
ಶಾಲಾ ರಸಪ್ರಶ್ನೆ ಸಿದ್ಧಪಡಿಸುವ ಓದುಗರ ಬಳಗ,
ಧಾರವಾಡ